ಸೋಮವಾರದ ಐದು ಮಾತ್ರೆ: ಕಡಿಮೆ ಪ್ರಮಾಣದ ಇಮ್ಯುನೋಥೆರಪಿ ಒಬ್ಬ ರೋಗಿಯನ್ನು ತಲುಪಿದ ಬಗೆ

ರೋಗಿ ಯಾರು, ಆಸ್ಪತ್ರೆ ಯಾವುದು, ಊರು ಎಲ್ಲಿ ಎಂಬುದನ್ನು ಈ ಬರಹದಲ್ಲಿ ಹೇಳಿಲ್ಲ. ಗುರುತು ಸಿಗಬಾರದೆಂದು ವಯಸ್ಸು, ಕಸುಬು, ದಿನಗಳ ಲೆಕ್ಕವನ್ನು ಬದಲಿಸಿದೆ. ಇದೇ ಚಿಕಿತ್ಸೆ ಪಡೆಯುವವರಲ್ಲಿ ಕಾಣುವ ತೊಂದರೆಗಳನ್ನು ಒಬ್ಬರ ಪ್ರಕರಣವಾಗಿ ಹೆಣೆದಿದೆ. ಮದ್ದಿನ ಹೆಸರು, ಪ್ರಮಾಣ ಮತ್ತು ಪ್ರಕಟವಾದ ಪ್ರಯೋಗಗಳ ಅಂಕಿಗಳನ್ನು ಮಾತ್ರ ಇದ್ದಂತೆಯೇ ಕೊಟ್ಟಿದೆ.

ಹಿನ್ನೆಲೆ

ರೋಗಿ ಐವತ್ತು ದಾಟಿದ ಗಂಡಸು. ಉತ್ತರ ಕರ್ನಾಟಕದ ಒಂದು ಹಳ್ಳಿಯಿಂದ ತಾಲ್ಲೂಕಿನ ಮಾರುಕಟ್ಟೆಗೆ ಹಮಾಲಿ ಕೆಲಸಕ್ಕೆ ಹೋಗುತ್ತಿದ್ದರು. ಇಪ್ಪತ್ತೈದು ವರ್ಷ ಗುಟ್ಕಾ ತಿಂದವರು. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಅಡಿಕೆ ಪುಡಿ ಮತ್ತು ತಂಬಾಕಿನ ಚೀಟಿಗಳನ್ನು ಬೇರೆಬೇರೆ ಕೊಂಡು ಅಂಗೈಯಲ್ಲಿ ಕಲೆಸಿಕೊಳ್ಳುತ್ತಿದ್ದರು. ಎಡಗೆನ್ನೆಯ ಒಳಗೆ ವಾಸಿಯಾಗದ ಹುಣ್ಣು ಕಂಡು ಆರು ತಿಂಗಳಾದ ಮೇಲೆ ಆಸ್ಪತ್ರೆಗೆ ಬಂದರು. ಕೆನ್ನೆ, ದವಡೆಯ ಭಾಗ ಮತ್ತು ಕುತ್ತಿಗೆಯ ಗಂಟುಗಳನ್ನು ತೆಗೆದು, ಎದೆಯ ಮಾಂಸ ಮತ್ತು ಚರ್ಮದಿಂದ ಆ ಜಾಗ ಮುಚ್ಚಲಾಯಿತು. ಬಳಿಕ 30 ಕಂತಿನಲ್ಲಿ 60 ಗ್ರೇ ರೇಡಿಯೇಷನ್, ಜೊತೆಗೆ ವಾರವಾರ ಸಿಸ್ಪ್ಲಾಟಿನ್ ಎಂಬ ಕೀಮೋ ಮದ್ದು ಕೊಟ್ಟರು. ಇಷ್ಟೆಲ್ಲ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ನಡೆಯಿತು.

ತಂಬಾಕು ಬಿಟ್ಟರು, ಅಡಿಕೆ ಬಿಡಲಿಲ್ಲ. ‘ಬರೀ ಅಡಿಕಿ’ ಎಂಬುದು ಅವರ ಸಮಾಧಾನ. ತಂಬಾಕಿಲ್ಲದ ಅಡಿಕೆಯನ್ನೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಈ ಮಾತನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಬಿಡುಗಡೆಯ ಹಾಳೆಯಲ್ಲಿ ‘ತಂಬಾಕು ನಿಲ್ಲಿಸಿ’ ಎಂದಷ್ಟೇ ಇತ್ತು.

ರೇಡಿಯೇಷನ್ ಮುಗಿದ ಏಳನೇ ತಿಂಗಳಿಗೆ ಹೊಲಿಗೆಯ ಅಂಚಿನಲ್ಲಿ ಗಂಟು ಎದ್ದಿತು, ಕುತ್ತಿಗೆಯಲ್ಲಿ ಇನ್ನೊಂದು. ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲೂ ಎರಡು ಚಿಕ್ಕ ಗಂಟು ಕಂಡವು. ನಮ್ಮಲ್ಲಿ ಶ್ವಾಸಕೋಶದ ಗಂಟು ಎಂದೊಡನೆ ಕ್ಷಯವನ್ನೂ ಯೋಚಿಸಬೇಕು. ಕಫ ಪರೀಕ್ಷೆಯಲ್ಲಿ ಕ್ಷಯ ಸಿಗಲಿಲ್ಲ, ಕುತ್ತಿಗೆಯ ಗಂಟಿಗೆ ಸೂಜಿ ಹಾಕಿ ನೋಡಿದಾಗ ಕ್ಯಾನ್ಸರ್ ಕಣಗಳೇ ಸಿಕ್ಕವು. ಮತ್ತೆ ಶಸ್ತ್ರಚಿಕಿತ್ಸೆ ಸಾಧ್ಯವಿರಲಿಲ್ಲ. ಓಡಾಡುತ್ತಿದ್ದರು, ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು. ತೂಕ 48 ಕೆ.ಜಿ., ಎತ್ತರ 162 ಸೆಂ.ಮೀ.

20 ಮಿಲಿಗ್ರಾಂ ಎಲ್ಲಿಂದ ಬಂತು

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಮ್ಯುನೋಥೆರಪಿ ಮದ್ದು ನಿವೊಲುಮ್ಯಾಬನ್ನು ಪೂರ್ಣ ಪ್ರಮಾಣದ ಬದಲು 20 ಮಿ.ಗ್ರಾಂ. ಕೊಡಬಹುದೇ ಎಂಬುದು ತಂಡದ ಮುಂದಿದ್ದ ಪ್ರಶ್ನೆ. ಅದು ತಿಳಿಯಬೇಕಾದರೆ ಮದ್ದಿನ ಹಿಂದಿನ ದಾರಿ ನೋಡಬೇಕು. ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ತಂಡ 1992ರಲ್ಲಿ ಪಿಡಿ-1 ಎಂಬ ಪ್ರೋಟೀನನ್ನು ಗುರುತಿಸಿತು. ರೋಗನಿರೋಧಕ ಕಣಗಳಾದ ಟಿ-ಕಣಗಳ ಮೇಲೆ ಅದು ಬ್ರೇಕಿನಂತಿರುತ್ತದೆ. ಕ್ಯಾನ್ಸರ್ ಕಣ ಆ ಬ್ರೇಕನ್ನು ಒತ್ತಿ ಹಿಡಿದು ತಪ್ಪಿಸಿಕೊಳ್ಳುತ್ತದೆ. ನಿವೊಲುಮ್ಯಾಬ್ ಎಂಬ ಪ್ರತಿಕಾಯ ಪಿಡಿ-1 ಮೇಲೆ ಕೂತು ಬ್ರೇಕ್ ಬೀಳದಂತೆ ತಡೆಯುತ್ತದೆ. ಅಮೆರಿಕದಲ್ಲಿ ಇದಕ್ಕೆ 2014ರ ಡಿಸೆಂಬರಿನಲ್ಲಿ ಮೊದಲ ಅನುಮತಿ ಸಿಕ್ಕಿದ್ದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ. ತಲೆ-ಕುತ್ತಿಗೆ ಕ್ಯಾನ್ಸರಿಗೆ ಸಿಕ್ಕಿದ್ದು 2016ರ ನವೆಂಬರಿನಲ್ಲಿ. ಇದಕ್ಕೆ ಆಧಾರವಾದ 361 ಜನರ ಪ್ರಯೋಗದಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 36, ಹಳೆಯ ಚಿಕಿತ್ಸೆ ಪಡೆದವರಲ್ಲಿ 16.6. ಈಗ ಬಳಕೆಯಲ್ಲಿರುವ ಪೂರ್ಣ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿ.ಗ್ರಾಂ.

ಕೀಮೋ ಮದ್ದುಗಳ ಪ್ರಮಾಣ ಗೊತ್ತುಮಾಡುವ ಹಳೆಯ ಪದ್ಧತಿಯೆಂದರೆ ಮೊದಲ ಹಂತದಲ್ಲಿ ಕೆಲವೇ ಜನರಿಗೆ ಕೊಟ್ಟು, ತಡೆಯಲಾಗದ ತೊಂದರೆ ಬರುವವರೆಗೆ ಏರಿಸುತ್ತ ಹೋಗಿ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುವುದು. ನಿವೊಲುಮ್ಯಾಬ್‌ನಲ್ಲಿ ಆ ಮೆಟ್ಟಿಲೇ ಸಿಗಲಿಲ್ಲ. ಪ್ರತಿ ಕೆ.ಜಿ. ತೂಕಕ್ಕೆ 10 ಮಿ.ಗ್ರಾಂ.ವರೆಗೆ ಏರಿಸಿದರೂ ಗರಿಷ್ಠ ಮಿತಿ ಮುಟ್ಟಲಿಲ್ಲ. ಇನ್ನೊಂದು ಸಂಗತಿ ಹೆಚ್ಚು ಮುಖ್ಯ: ಪ್ರಮಾಣವನ್ನು ಹತ್ತಾರು ಪಟ್ಟು ಏರಿಸಿದರೂ ಟಿ-ಕಣಗಳ ಮೇಲಿನ ಪಿಡಿ-1ರಲ್ಲಿ ಎಷ್ಟು ಪಾಲು ಮದ್ದಿನಿಂದ ತುಂಬಿದೆ ಎಂಬುದು ಹೆಚ್ಚೇನೂ ಬದಲಾಗಲಿಲ್ಲ. ಕಡಿಮೆ ಕೊಟ್ಟರೂ ಸಾಕಾಗಬಹುದು ಎಂಬ ಊಹೆ ಹುಟ್ಟಿದ್ದು ಇಲ್ಲಿಂದ. ಆದರೆ ತನ್ನ ಮದ್ದನ್ನು ಹತ್ತರಲ್ಲೊಂದು ಪಾಲು ಕೊಟ್ಟರೆ ಸಾಕೇ ಎಂದು ಕಂಪನಿ ತಾನಾಗಿ ಖರ್ಚು ಮಾಡಿ ಪರೀಕ್ಷಿಸುತ್ತದೆ ಎಂದು ಕಾಯುತ್ತ ಕೂರುವಂತಿಲ್ಲ. ಆ ಕೆಲಸ ಸಾರ್ವಜನಿಕ ಆಸ್ಪತ್ರೆಗಳದ್ದು.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಅದನ್ನು ಹಂತಹಂತವಾಗಿ ಮಾಡಿದರು. ಮೊದಲು ಮೆಟ್ರೊನೊಮಿಕ್ ಚಿಕಿತ್ಸೆ, ಅಂದರೆ ಒಮ್ಮೆಗೆ ದೊಡ್ಡ ಡೋಸ್ ಬದಲು ಸಣ್ಣ ಪ್ರಮಾಣವನ್ನು ಬಿಡದೆ ಕೊಡುವುದು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಎಂಬ ಕೀಮೋ ಮಾತ್ರೆ, ದಿನಕ್ಕೆರಡು ಸಲ ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆಯನ್ನು ಮೂರು ವಾರಕ್ಕೊಮ್ಮೆ ಕೊಡುವ ಸಿಸ್ಪ್ಲಾಟಿನ್ ಇಂಜೆಕ್ಷನ್‌ಗೆ ಎದುರಿಟ್ಟು 422 ಜನರಲ್ಲಿ ನೋಡಿದರು. ಸರಾಸರಿ ಬದುಕು (ಅರ್ಧದಷ್ಟು ಜನ ದಾಟಿದ ಅವಧಿ) ಮಾತ್ರೆಯವರಲ್ಲಿ 7.5 ತಿಂಗಳು, ಇಂಜೆಕ್ಷನ್‌ನವರಲ್ಲಿ 6.1. ಈ ಫಲಿತಾಂಶ ಪ್ರಕಟವಾದದ್ದು 2020ರಲ್ಲಿ. ಇದರ ನಡುವೆ, ಸಿಸ್ಪ್ಲಾಟಿನ್‌ಗೆ ಬಗ್ಗದ ಬಾಯಿ ಕ್ಯಾನ್ಸರಿಗೆ ಎರ್ಲೋಟಿನಿಬ್ ಎಂಬ ಮೂರನೇ ಮಾತ್ರೆ ಸೇರಿಸಿ, ಮೊದಲು 15 ಜನರಲ್ಲಿ ಮೆಥೊಟ್ರೆಕ್ಸೇಟಿನ ಸರಿಯಾದ ಪ್ರಮಾಣ ಹುಡುಕಿದರು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 9 ಮಿ.ಗ್ರಾಂ. ಎಂದು ನಿಕ್ಕಿಯಾದ ಮೇಲೆ 76 ಜನರಲ್ಲಿ ಪರಿಣಾಮ ನೋಡಿದರು.

ಕೊನೆಯ ಹೆಜ್ಜೆ 151 ಜನರ ಮೂರನೇ ಹಂತದ ಪ್ರಯೋಗ. ಎರಡೂ ಗುಂಪಿಗೆ ಮೂರು ಮಾತ್ರೆ, ಒಂದು ಗುಂಪಿಗೆ ಮಾತ್ರ ಮೂರು ವಾರಕ್ಕೊಮ್ಮೆ 20 ಮಿ.ಗ್ರಾಂ. ನಿವೊಲುಮ್ಯಾಬ್. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರು ಆರಿಸಲಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸಿತು. ವರ್ಷದ ನಂತರ ಬದುಕಿದ್ದವರು ಮಾತ್ರೆ ಮಾತ್ರ ಪಡೆದವರಲ್ಲಿ ನೂರಕ್ಕೆ 16.3, ನಿವೊಲುಮ್ಯಾಬ್ ಸೇರಿದವರಲ್ಲಿ 43.4. ಸರಾಸರಿ ಬದುಕು 6.7ರಿಂದ 10.1 ತಿಂಗಳಿಗೆ ಏರಿತು. ಮೂರನೇ ದರ್ಜೆ ಮತ್ತು ಅದಕ್ಕಿಂತ ತೀವ್ರವಾದ ಅಡ್ಡಪರಿಣಾಮ ನೂರಕ್ಕೆ 50 ಮತ್ತು 46.1, ಅಂದರೆ ಹೊಸ ಮದ್ದು ಸೇರಿದ್ದಕ್ಕೆ ತೊಂದರೆ ಹೆಚ್ಚಲಿಲ್ಲ. ಆದರೆ ಆ 50 ಎಂಬ ಅಂಕಿಯನ್ನು ಓದುವವರು ದಾಟಿಕೊಂಡು ಹೋಗುತ್ತಾರೆ. ಮೂರು ಮಾತ್ರೆಯಷ್ಟೇ ತಿಂದವರಲ್ಲೂ ಅರ್ಧದಷ್ಟು ಜನಕ್ಕೆ ತೀವ್ರ ತೊಂದರೆ ಬಂದಿತ್ತು. ಮಾತ್ರೆ ಎಂದರೆ ಸೌಮ್ಯ ಎಂದುಕೊಳ್ಳುವುದು ತಪ್ಪು. ಈ ಪ್ರಕರಣ ಎಡವಿದ್ದು ಅಲ್ಲಿಯೇ.

ಈ ಪ್ರಯೋಗಕ್ಕೆ ಮಿತಿಯೂ ಇದೆ. ಪೂರ್ಣ ಪ್ರಮಾಣ ಪಡೆದ ಗುಂಪು ಅದರಲ್ಲಿ ಇರಲಿಲ್ಲ. ಆದ್ದರಿಂದ 20 ಮಿ.ಗ್ರಾಂ. ಎಂಬುದು 240ಕ್ಕೆ ಸಮ ಎಂದು ಅದು ಹೇಳುವುದಿಲ್ಲ. ಮೂರು ಮಾತ್ರೆಯಷ್ಟೇ ಕೊಡುವುದಕ್ಕಿಂತ ಜೊತೆಗೆ 20 ಕೊಡುವುದು ಮೇಲು ಎಂದಷ್ಟೇ ಹೇಳುತ್ತದೆ. ಪೂರ್ಣ ಪ್ರಮಾಣ ಕೈಗೆಟುಕುವವರಿಗೆ ಉಳಿತಾಯದ ಆಸೆ ತೋರಿಸಿ 20 ಕೊಡಲು ಇದು ಆಧಾರವಲ್ಲ.

ಮೊದಲ ನಿರ್ಧಾರ

ಆರು ವಾರದ ಲೆಕ್ಕ ಹಾಕಿದರೆ ಪೂರ್ಣ ಪ್ರಮಾಣಕ್ಕೆ ಬೇಕಾದದ್ದು 720 ಮಿ.ಗ್ರಾಂ., ಕಡಿಮೆ ಪ್ರಮಾಣಕ್ಕೆ 40. ಹದಿನೆಂಟರಲ್ಲಿ ಒಂದು ಪಾಲು. ಪೂರ್ಣ ಪ್ರಮಾಣ ಈ ಕುಟುಂಬಕ್ಕೆ ಮನೆ ಮಾರಿದರೂ ಆಗುವಂಥದ್ದಲ್ಲ. ಉಳಿದದ್ದು ಮೂರು ದಾರಿ: ನೋವು ನಿವಾರಣೆಯ ಆರೈಕೆ ಮಾತ್ರ, ಮೂರು ಮಾತ್ರೆ ಮಾತ್ರ, ಅಥವಾ ಮಾತ್ರೆಗಳ ಜೊತೆ 20 ಮಿ.ಗ್ರಾಂ.

ಒಂದು ಪ್ರಯೋಗದ ಫಲಿತಾಂಶವನ್ನು ಎದುರಿಗಿರುವ ರೋಗಿಗೆ ಅನ್ವಯಿಸುವ ಮೊದಲು, ಈತ ಆ ಪ್ರಯೋಗಕ್ಕೆ ಬಂದಿದ್ದರೆ ಸೇರಿಸಿಕೊಳ್ಳುತ್ತಿದ್ದರೇ ಎಂದು ಕೇಳಬೇಕು. ಅಲ್ಲಿದ್ದವರು ಗುಣಪಡಿಸಲಾಗದ ತಲೆ-ಕುತ್ತಿಗೆ ಕ್ಯಾನ್ಸರಿನವರು, ಓಡಾಡುವಷ್ಟು ಶಕ್ತಿ ಇದ್ದವರು. ಹಾಸಿಗೆ ಹಿಡಿದವರಿಗೆ 43.4ರ ಅಂಕಿ ತೋರಿಸುವುದು ಸುಳ್ಳು ಭರವಸೆ. ಈ ರೋಗಿ ಆ ಚೌಕಟ್ಟಿನೊಳಗೆ ಇದ್ದರು. ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ 0.9, ಯಕೃತ್ತಿನ ಪರೀಕ್ಷೆ ಸರಿ, ಹೆಪಟೈಟಿಸ್ ಬಿ ಇಲ್ಲ, ಥೈರಾಯ್ಡ್ ಸರಿ. ಥೈರಾಯ್ಡನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಅಗತ್ಯ, ಏಕೆಂದರೆ ಅದು ಮುಂದೆ ಕೆಡುವ ಸಾಧ್ಯತೆ ಇದೆ.

ಒಪ್ಪಿಗೆಯ ಮಾತುಕತೆ ಎರಡು ಸಲ ನಡೆಯಿತು. ಲಾರಿ ಡ್ರೈವರ್ ಆಗಿದ್ದ ಮಗ ಮೊದಲ ದಿನವೇ ಕೇಳಿದ್ದ: “ಇದೇನ್ ಪ್ರಯೋಗ ಏನ್ರೀ ಸರ್? ನಮ್ಮಪ್ಪನ ಮ್ಯಾಲೆ ಮಾಡಿ ನೋಡ್ತೀರೇನು?” ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ನೇರವಾಗಿರಬೇಕು. ಪ್ರಯೋಗ ಬೇರೆ ಆಸ್ಪತ್ರೆಯಲ್ಲಿ ಮುಗಿದಿದೆ. ನಿಮ್ಮ ತಂದೆಯನ್ನು ಯಾವ ಪ್ರಯೋಗಕ್ಕೂ ಸೇರಿಸುತ್ತಿಲ್ಲ. ಆದರೆ ಮದ್ದಿನ ಪೆಟ್ಟಿಗೆಯ ಹಾಳೆಯಲ್ಲಿ ಈ ಸಣ್ಣ ಪ್ರಮಾಣ ಇಲ್ಲ, ಪ್ರಯೋಗದ ಫಲಿತಾಂಶ ನಂಬಿ ಕೊಡುತ್ತಿದ್ದೇವೆ ಎಂದು ವೈದ್ಯರು ಹೇಳಿದರು. ನೂರು ಜನರಲ್ಲಿ ವರ್ಷದ ಹೊತ್ತಿಗೆ 43 ಜನ ಇರುತ್ತಾರೆ ಎಂದ ಕೂಡಲೇ, 57 ಜನ ಇರುವುದಿಲ್ಲ ಎಂದೂ ಹೇಳಿದರು. ರೋಗಿ ತಾವೇ ಕೇಳಿದ್ದು ಒಂದೇ: ಕುತ್ತಿಗೆಯ ನೋವು ಕಡಿಮೆಯಾಗುತ್ತದೆಯೇ ಎಂದು. ವಾರ ಬಿಟ್ಟು ಬಂದು ಹೆಬ್ಬೆಟ್ಟು ಒತ್ತಿದರು.

ಕೊಟ್ಟದ್ದು ಏನು, ಹೇಗೆ

ದೇಹದ ಮೇಲ್ಮೈ 1.47 ಚದರ ಮೀಟರ್. ಅದಕ್ಕೆ 9ರಿಂದ ಗುಣಿಸಿದರೆ 13.2 ಮಿ.ಗ್ರಾಂ. ಆಸ್ಪತ್ರೆಯಲ್ಲಿದ್ದ ಮೆಥೊಟ್ರೆಕ್ಸೇಟ್ ಮಾತ್ರೆ 2.5 ಮಿ.ಗ್ರಾಂ.ನದ್ದು, ಹಾಗಾಗಿ 12.5 ಮಿ.ಗ್ರಾಂ., ಅಂದರೆ ಐದು ಮಾತ್ರೆ, ವಾರಕ್ಕೊಮ್ಮೆ, ಸೋಮವಾರ. ಸೆಲೆಕಾಕ್ಸಿಬ್ 200 ಮಿ.ಗ್ರಾಂ. ದಿನಕ್ಕೆರಡು ಸಲ. ಎರ್ಲೋಟಿನಿಬ್ 150 ಮಿ.ಗ್ರಾಂ. ದಿನಕ್ಕೊಂದು, ಬರಿ ಹೊಟ್ಟೆಯಲ್ಲಿ, ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ.

ನಿವೊಲುಮ್ಯಾಬ್ ಮಿ.ಲೀ.ಗೆ 10 ಮಿ.ಗ್ರಾಂ. ಇರುತ್ತದೆ. ಸಣ್ಣ ವೈಯಲ್ (ಮದ್ದಿನ ಸೀಸೆ) 40 ಮಿ.ಗ್ರಾಂ., 4 ಮಿ.ಲೀ. ಒಬ್ಬರಿಗೆ ಬೇಕಾದದ್ದು 2 ಮಿ.ಲೀ. ಅದರಲ್ಲಿ ಸಂರಕ್ಷಕ ಇಲ್ಲದ ಕಾರಣ ತೆರೆದ ವೈಯಲನ್ನು ಮುಂದಿನ ವಾರಕ್ಕೆ ಇಡುವಂತಿಲ್ಲ. ಆದ್ದರಿಂದ ಇಬ್ಬರು ರೋಗಿಗಳನ್ನು ಒಂದೇ ಸೋಮವಾರಕ್ಕೆ ಜೋಡಿಸಿ, ವೈಯಲಿನ ಬೆಲೆ ಅರ್ಧರ್ಧ ಮಾಡಲಾಗಿತ್ತು. ಇವರ ಜೋಡಿ ಇನ್ನೊಂದು ಜಿಲ್ಲೆಯ ಒಬ್ಬ ಹೆಣ್ಣುಮಗಳು. ಕಾಗದದ ಮೇಲೆ ಅಚ್ಚುಕಟ್ಟಾಗಿದ್ದ ಈ ಏರ್ಪಾಡು ಇಬ್ಬರೂ ಬರುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತಿತ್ತು.

ಮೊದಲ ದಿನ ಇಂಜೆಕ್ಷನ್ ಮುಗಿಸಿ, ಮೂರು ವಾರದ ಮಾತ್ರೆಗಳನ್ನು ಒಂದೇ ಕವರಿಗೆ ಹಾಕಿ ಮಗನ ಕೈಗೆ ಕೊಟ್ಟರು. ಮೆಥೊಟ್ರೆಕ್ಸೇಟ್ 15 ಮಾತ್ರೆ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ‘5 ಮಾತ್ರೆ, ವಾರಕ್ಕೊಮ್ಮೆ’ ಎಂದಿತ್ತು. ಸೋಮವಾರ ಎಂಬುದನ್ನು ಬಾಯಲ್ಲಿ ಹೇಳಿದರು, ಬರೆಯಲಿಲ್ಲ.

ಏನಾಯಿತು

ಒಂಬತ್ತನೇ ದಿನ ಮುಖ, ಎದೆಯ ಮೇಲೆ ಮೊಡವೆಯಂಥ ಗುಳ್ಳೆ ಎದ್ದವು. ಇದು ಎರ್ಲೋಟಿನಿಬ್‌ನ ಗುರುತು, ಎರಡನೇ ವಾರಕ್ಕೆ ಕಾಣುವುದು ವಾಡಿಕೆ. ಹತ್ತನೇ ದಿನ ನರ್ಸ್ ಫೋನ್ ಮಾಡಿದಾಗ ಮಗ ಎತ್ತಿದ, ಗುಳ್ಳೆಯ ವಿಷಯ ಹೇಳಿದ. ಹಚ್ಚಲು ಕ್ಲಿಂಡಾಮೈಸಿನ್ ಜೆಲ್ ಹೇಳಿ, ಬಿಸಿಲಿಗೆ ಹೋಗಬೇಡಿ ಎಂದರು. “ಮಾತ್ರೆ ಸರಿಯಾಗಿ ತಗೋತಿದ್ದಾರಾ?” ಎಂದು ಕೇಳಿದ್ದಕ್ಕೆ “ಹೂಂ ರೀ” ಎಂದ. ಆ ದಿನದ ಮಟ್ಟಿಗೆ ಅದು ನಿಜವೇ ಆಗಿತ್ತು.

ಹನ್ನೆರಡನೇ ದಿನ ಮಗ ಲಾರಿ ಹತ್ತಿ ಹೊರರಾಜ್ಯಕ್ಕೆ ಹೋದ. ಹದಿಮೂರನೇ ದಿನದಿಂದ ರೋಗಿಗೆ ಭೇದಿ ಶುರುವಾಯಿತು, ದಿನಕ್ಕೆ ಐದಾರು ಸಲ. ಮನೆಯಲ್ಲಿ ಅದನ್ನು ಉಷ್ಣ ಎಂದುಕೊಂಡು ಮಜ್ಜಿಗೆ, ಗಂಜಿ ಕೊಟ್ಟರು. ಬಾಯಿ ಹುಣ್ಣಾದ ಮೇಲೆ ಅದೂ ಒಳಗೆ ಹೋಗಲಿಲ್ಲ. 22ನೇ ದಿನ, ಎರಡನೇ ಇಂಜೆಕ್ಷನ್ನಿನ ಸೋಮವಾರ, ಅವರು ಬರಲಿಲ್ಲ. ಬಸ್ಸಿನಲ್ಲಿ ನಾಲ್ಕು ಗಂಟೆ ಕೂರುವ ಸ್ಥಿತಿ ಇರಲಿಲ್ಲ. ಜೋಡಿ ರೋಗಿ ಬೆಳಗಿನ ಜಾವವೇ ಬಂದು ಕೂತಿದ್ದರು. ಅವರಿಗಾಗಿ ವೈಯಲ್ ತೆರೆದರು. ಉಳಿದ 2 ಮಿ.ಲೀ. ಯಾರಿಗೂ ಆಗಲಿಲ್ಲ.

24ನೇ ದಿನ, ಬುಧವಾರ, ಹೆಂಡತಿ ಮತ್ತು ಪಕ್ಕದ ಮನೆಯವರು ಬಾಡಿಗೆ ವಾಹನದಲ್ಲಿ ಕರೆತಂದರು. ತುಟಿ ಒಣಗಿ ಬಿರಿದಿತ್ತು, ರಕ್ತದೊತ್ತಡ 90/60. ಬಾಯೊಳಗೆ ಬಿಳಿ ಪೊರೆ ಕಟ್ಟಿದ ಹುಣ್ಣು, ಗುಟುಕು ನೀರಿಗೂ ಕಣ್ಣೀರು. ಕ್ರಿಯಾಟಿನಿನ್ 1.9ಕ್ಕೆ ಏರಿತ್ತು. ಬಿಳಿ ರಕ್ತಕಣ 1,900ಕ್ಕೆ ಇಳಿದಿತ್ತು, ಅದರಲ್ಲಿ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೊಫಿಲ್ 800. ಪ್ಲೇಟ್‌ಲೆಟ್ 68,000.

ತಂಡದಲ್ಲಿ ಮೊದಲು ಎದ್ದ ಅನುಮಾನ ಇಮ್ಯುನೋಥೆರಪಿಯ ಮೇಲೆ. ಬ್ರೇಕ್ ಬಿಟ್ಟ ಟಿ-ಕಣಗಳು ಕರುಳಿನ ಮೇಲೇ ತಿರುಗಿಬಿದ್ದು ಭೇದಿ ತರುವುದುಂಟು, ಅದಕ್ಕೆ ಮದ್ದು ಹೆಚ್ಚು ಪ್ರಮಾಣದ ಸ್ಟೀರಾಯ್ಡ್. ಆದರೆ ಬಿಳಿ ರಕ್ತಕಣ ಇಷ್ಟು ಇಳಿದವರಿಗೆ ತಪ್ಪು ಊಹೆಯಿಂದ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಜೀವ ತೆಗೆಯಬಹುದು. ಮೇಲಾಗಿ ಲೆಕ್ಕ ಹೊಂದುತ್ತಿರಲಿಲ್ಲ. ಕರುಳಿನ ತೊಂದರೆ ರಕ್ತಕಣಗಳನ್ನು ಹೀಗೆ ಇಳಿಸುವುದಿಲ್ಲ. ಬಾಯಿಹುಣ್ಣು, ಇಳಿದ ಕಣಗಳು, ಏರಿದ ಕ್ರಿಯಾಟಿನಿನ್ ಮೂರೂ ಒಟ್ಟಿಗೆ ಬಂದರೆ ಬೆರಳು ತೋರುವುದು ಮೆಥೊಟ್ರೆಕ್ಸೇಟಿನ ಕಡೆಗೆ. ಆದರೆ ವಾರಕ್ಕೆ 12.5 ಮಿ.ಗ್ರಾಂ. ಸಣ್ಣ ಪ್ರಮಾಣ.

ಔಷಧ ವಿಭಾಗದ ಸಿಬ್ಬಂದಿ ಮಾತ್ರೆಯ ಕವರನ್ನು ಮೇಜಿನ ಮೇಲೆ ಸುರಿದಾಗ ತಿರುವು ಸಿಕ್ಕಿತು. ಆಸ್ಪತ್ರೆ ಕೊಟ್ಟ ಮೆಥೊಟ್ರೆಕ್ಸೇಟ್ ಸ್ಟ್ರಿಪ್‌ಗಳು ಪೂರ್ತಿ ಖಾಲಿ. ಮೂರು ಸೋಮವಾರಕ್ಕೆ ಹದಿನೈದು, ಲೆಕ್ಕ ಸರಿ. ಅಲ್ಲಿಗೇ ಎಣಿಕೆ ನಿಲ್ಲಿಸಿದ್ದರೆ ಕಾರಣ ಕೈತಪ್ಪುತ್ತಿತ್ತು. ಅವುಗಳ ಕೆಳಗೆ ಬೇರೆ ಕಂಪನಿಯ ಇನ್ನೊಂದು ಸ್ಟ್ರಿಪ್ ಇತ್ತು, ಹತ್ತರಲ್ಲಿ ಆರು ಉಳಿದಿದ್ದವು. ಹೆಂಡತಿ ಹೇಳಿದರು: “ಮಗ ಇದ್ದಾಗ ಆಂವಾ ಕೊಡ್ತಿದ್ದ. ಆಮ್ಯಾಲೆ ನಾನ ದಿನಾ ಒಂದೊಂದು ತಪ್ಪದ ಕೊಟ್ಟೀನ್ರಿ. ಖಾಲಿ ಆಗಿತ್ತಂತ ಅಂಗಡ್ಯಾಗ ಚೀಟಿ ತೋರಿಸಿ ತಂದೆ.”

ಒಟ್ಟು 19 ಮಾತ್ರೆ ಒಳಗೆ ಹೋಗಿದ್ದವು. ಮೊದಲ ಎರಡು ಸೋಮವಾರ ಐದೈದು, ಆಮೇಲೆ 15ನೇ ದಿನದಿಂದ 23ನೇ ದಿನದವರೆಗೆ ದಿನಕ್ಕೊಂದರಂತೆ ಒಂಬತ್ತು. ಒಟ್ಟು ಮೊತ್ತಕ್ಕಿಂತ ಈ ದಿನಗಳೇ ಅಪಾಯ ತಂದವು. ಮೆಥೊಟ್ರೆಕ್ಸೇಟ್ ಕಣ ವಿಭಜನೆಗೆ ಬೇಕಾದ ಫೋಲೇಟನ್ನು ತಡೆಯುತ್ತದೆ. ವಾರಕ್ಕೊಮ್ಮೆ ಕೊಟ್ಟರೆ ಬಾಯಿ, ಕರುಳು, ಮೂಳೆಮಜ್ಜೆಯ ಕಣಗಳಿಗೆ ಚೇತರಿಸಿಕೊಳ್ಳಲು ಆರು ದಿನ ಸಿಗುತ್ತದೆ. ದಿನವೂ ಕೊಟ್ಟರೆ ಆ ಬಿಡುವೇ ಇಲ್ಲ. ಇದಕ್ಕೆ ಎರ್ಲೋಟಿನಿಬ್‌ನ ಭೇದಿ ಸೇರಿ ದೇಹದಲ್ಲಿ ನೀರು ಇಳಿಯಿತು. ನೀರಿಲ್ಲದ ಹೊತ್ತಿನಲ್ಲಿ ಸೆಲೆಕಾಕ್ಸಿಬ್ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನಷ್ಟು ಕುಗ್ಗಿಸಿತು. ಮೆಥೊಟ್ರೆಕ್ಸೇಟ್ ಹೊರಹೋಗುವುದು ಮೂತ್ರಪಿಂಡದ ಮೂಲಕವೇ. ಹೀಗೆ ಒಂದು ಮಾತ್ರೆಯ ತೊಂದರೆಯನ್ನು ಉಳಿದೆರಡು ಬೆಳೆಸಿದವು.

ಕವರಿನಲ್ಲಿ ಇನ್ನೊಂದೂ ಸಿಕ್ಕಿತು, ಊರಿನ ಕ್ಲಿನಿಕ್‌ನಲ್ಲಿ ಕೊಟ್ಟ ‘ಗ್ಯಾಸ್ ಮಾತ್ರೆ’. ಹೊಟ್ಟೆಯ ಆಮ್ಲ ಇಳಿಸುವ ಈ ಗುಂಪಿನ ಮಾತ್ರೆ ಎರ್ಲೋಟಿನಿಬ್ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಒಮೆಪ್ರಜೋಲ್ ಜೊತೆ ಕೊಟ್ಟಾಗ ಅರ್ಧದಷ್ಟು ಇಳಿಯುತ್ತದೆ ಎಂದು ಎರ್ಲೋಟಿನಿಬ್‌ನ ಮಾಹಿತಿ ಹಾಳೆಯೇ ಹೇಳುತ್ತದೆ. ನಮ್ಮ ಕಡೆ ಹೆಚ್ಚುಕಡಿಮೆ ಎಲ್ಲ ಚೀಟಿಯಲ್ಲೂ ಇರುವ ಮಾತ್ರೆ ಇದು, ಅದನ್ನು ಮದ್ದು ಎಂದು ಎಣಿಸುವವರೇ ಕಡಿಮೆ. ‘ಬೇರೆ ಏನಾದರೂ ಔಷಧಿ?’ ಎಂಬ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದದ್ದು ಹಾಗೆ.

ಚಿಕಿತ್ಸೆ ಮತ್ತು ಎರಡನೇ ನಿರ್ಧಾರ

ಮೂರೂ ಮಾತ್ರೆ ನಿಲ್ಲಿಸಿ, ಡ್ರಿಪ್ ಹಾಕಿ, ಫೋಲಿನಿಕ್ ಆಮ್ಲ 15 ಮಿ.ಗ್ರಾಂ. ಆರು ಗಂಟೆಗೊಮ್ಮೆ ಇಂಜೆಕ್ಷನ್ ಶುರುಮಾಡಿದರು. ಇದು ಸಾಮಾನ್ಯ ಫೋಲಿಕ್ ಆಮ್ಲದ ಮಾತ್ರೆಯಲ್ಲ. ಮೆಥೊಟ್ರೆಕ್ಸೇಟ್ ಕಟ್ಟಿಹಾಕಿದ ಹಂತವನ್ನು ದಾಟಿ ನೇರವಾಗಿ ಕಣಕ್ಕೆ ಸಿಗುವ ರೂಪ. ಸ್ಟೀರಾಯ್ಡ್ ವಿಷಯದಲ್ಲಿ ತಂಡ ಮೊದಲೇ ಗೆರೆ ಎಳೆದುಕೊಂಡಿತು: 72 ಗಂಟೆಯಲ್ಲಿ ಭೇದಿ ಇಳಿಯದಿದ್ದರೆ, ಅಥವಾ ಮಲದಲ್ಲಿ ರಕ್ತ ಕಂಡರೆ, ಕರುಳಿಗೆ ದುರ್ಬೀನು ಹಾಕಿ ನೋಡಿ ಆಗ ಸ್ಟೀರಾಯ್ಡ್. ಅಲ್ಲಿಯವರೆಗೆ ಇಲ್ಲ. ಎರಡನೇ ದಿನ ಜ್ವರ ಬಂತು, ನ್ಯೂಟ್ರೊಫಿಲ್ 400ಕ್ಕೆ ಇಳಿದಿತ್ತು. ರಕ್ತದ ಕಲ್ಚರ್ ತೆಗೆದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಹಾಕಿದರು. ಸ್ಟೀರಾಯ್ಡ್ ಕೊಟ್ಟಿದ್ದರೆ ಈ ಜ್ವರ ಮುಚ್ಚಿಹೋಗುತ್ತಿತ್ತು. ಮೂರನೇ ದಿನ ಭೇದಿ ನಿಂತಿತು. ಹನ್ನೊಂದನೇ ದಿನ ಮನೆಗೆ ಹೋದರು.

ಘಟನೆಯನ್ನು ಮದ್ದಿನ ಅಡ್ಡಪರಿಣಾಮಗಳ ವರದಿ ಪಡೆಯುವ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ನಮೂನೆ ತುಂಬಿ ಕಳಿಸಲಾಯಿತು. ಬಹಳ ಕಡೆ ಈ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ. ಪ್ರಯೋಗದಲ್ಲಿದ್ದ ರೋಗಿ ಹೀಗೆ ದಾಖಲಾದರೆ 24 ಗಂಟೆಯೊಳಗೆ ನಿಯಂತ್ರಕರಿಗೆ, ನೈತಿಕ ಸಮಿತಿಗೆ, ಪ್ರಾಯೋಜಕರಿಗೆ ತಿಳಿಸಬೇಕು ಎಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಮಾಮೂಲಿ ಚಿಕಿತ್ಸೆಯಲ್ಲಿ ಅಂಥ ಗಡುವು ಇಲ್ಲ. ವರದಿ ಮಾಡುವುದು ಆ ವಾರ್ಡಿನವರ ಮನಸ್ಸಿಗೆ ಬಿಟ್ಟದ್ದು.

ಚಿಕಿತ್ಸೆ ಮುಂದುವರಿಸಬೇಕೇ ಎಂಬುದು ಎರಡನೇ ನಿರ್ಧಾರ. ಕೆಲವರು ಬೇಡ ಎಂದರು. ಆದರೆ ಬಾಯಿಹುಣ್ಣು ಮಾಯುವ ಹೊತ್ತಿಗೆ ಕುತ್ತಿಗೆಯ ಗಂಟು ಮೆತ್ತಗಾಗಿದ್ದು ರೋಗಿಯ ಕೈಗೇ ತಿಳಿದಿತ್ತು, ನೋವಿಗೆ ಕೊಡುತ್ತಿದ್ದ ಮಾರ್ಫಿನ್ ಅರ್ಧಕ್ಕೆ ಇಳಿದಿತ್ತು. ವಿಫಲವಾದದ್ದು ಮದ್ದು ಕೊಟ್ಟ ರೀತಿ, ಮದ್ದಲ್ಲ ಎಂದು ತೀರ್ಮಾನವಾಯಿತು. ಮೊದಲು ನಿವೊಲುಮ್ಯಾಬ್ ಮತ್ತು ಸೆಲೆಕಾಕ್ಸಿಬ್ ಮಾತ್ರ ಕೊಟ್ಟರು. ವಾರದ ನಂತರ ರಕ್ತಕಣಗಳು ಸರಿಯಿರುವುದನ್ನು ನೋಡಿಕೊಂಡು ಎರ್ಲೋಟಿನಿಬ್ 100 ಮಿ.ಗ್ರಾಂ., ಮೆಥೊಟ್ರೆಕ್ಸೇಟ್ ನಾಲ್ಕು ಮಾತ್ರೆ, 10 ಮಿ.ಗ್ರಾಂ. ಗ್ಯಾಸ್ ಮಾತ್ರೆ ನಿಲ್ಲಿಸಿದರು. ಅಡಿಕೆಯ ಮಾತನ್ನೂ ಈ ಸಲ ಬಿಡಿಸಿ ಹೇಳಿದರು.

ನಂತರ

ಎರಡು ತಿಂಗಳ ಸಿಟಿ ಸ್ಕ್ಯಾನಿನಲ್ಲಿ ಅಳೆಯುವ ಗಂಟುಗಳ ಒಟ್ಟು ಅಳತೆ 62 ಮಿ.ಮೀ.ನಿಂದ 41ಕ್ಕೆ ಇಳಿದಿತ್ತು. ಪ್ರಯೋಗಗಳಲ್ಲಿ ಬಳಸುವ ಅಳತೆಗೋಲಿನ ಪ್ರಕಾರ ನೂರಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಭಾಗಶಃ ಗುಣ. ಇದು 34. ಐದನೇ ತಿಂಗಳಿಗೆ ತೀರಾ ಸುಸ್ತು, ಮುಖ ಊದಿಕೊಂಡಿತ್ತು. ರೋಗ ಮರುಕಳಿಸಿತು ಎಂದು ಮನೆಯವರು ಆಸೆ ಕೈಬಿಟ್ಟಿದ್ದರು. ಥೈರಾಯ್ಡ್ ಕುಂದಿದಾಗ ಏರುವ ಟಿಎಸ್‌ಎಚ್ 38 ಬಂತು, ಥೈರಾಯ್ಡ್ ಸೋತಿತ್ತು. ಮೊದಲಿನ ಪರೀಕ್ಷೆ ಕೈಲಿದ್ದುದರಿಂದ ಇದು ಹೊಸದು ಎಂದು ತಿಳಿಯಿತು. ಕುತ್ತಿಗೆಯ ರೇಡಿಯೇಷನ್ನಿಂದಲೂ ಆಗಬಹುದು, ನಿವೊಲುಮ್ಯಾಬ್‌ನಿಂದಲೂ ಆಗಬಹುದು. ಮಾತ್ರೆ ಎರಡಕ್ಕೂ ಒಂದೇ. ಲೆವೊಥೈರಾಕ್ಸಿನ್ ಶುರುಮಾಡಿದ ಒಂದೂವರೆ ತಿಂಗಳಿಗೆ ಮತ್ತೆ ಮಾರುಕಟ್ಟೆಗೆ ಹೋಗಿ ಕೂತು ಬರುತ್ತಿದ್ದರು.

ಒಂಬತ್ತನೇ ತಿಂಗಳ ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಹೊಸ ಗಂಟು ಕಂಡವು. ಚಿಕಿತ್ಸೆ ನಿಲ್ಲಿಸಿ ನೋವಿನ ಆರೈಕೆಗೆ ಹೊರಳಿದರು. ಶುರುವಾದ ಹನ್ನೊಂದನೇ ತಿಂಗಳು ಮನೆಯಲ್ಲೇ ತೀರಿಕೊಂಡರು. ಪ್ರಯೋಗದ ಸರಾಸರಿ 10.1 ತಿಂಗಳಿಗೆ ಇದನ್ನು ಹೋಲಿಸಿ ಗೆದ್ದೆವು ಅಥವಾ ಸೋತೆವು ಎನ್ನುವಂತಿಲ್ಲ. ಒಬ್ಬರ ಬದುಕಿನಿಂದ ಮದ್ದಿನ ಬಲ ತಿಳಿಯುವುದಿಲ್ಲ, ಅದಕ್ಕಾಗಿಯೇ 151 ಜನ ಬೇಕಾದದ್ದು.

ಬದಲಾದದ್ದು

ಪ್ರಯೋಗದ ವರದಿಯಿಂದ ಈ ಆಸ್ಪತ್ರೆಗೆ ಬಂದದ್ದು ನಾಲ್ಕು ಮದ್ದಿನ ಹೆಸರು ಮತ್ತು ಪ್ರಮಾಣ. ಆದರೆ ಯಾವುದೇ ಪ್ರಯೋಗದಲ್ಲಿ ರೋಗಿಯ ಸುತ್ತ ಇನ್ನೂ ಬಹಳಷ್ಟು ಇರುತ್ತದೆ: ಮಾತ್ರೆ ಎಣಿಸುವವರು, ದಿನಚರಿ ಪುಸ್ತಕ, ಬಾರದ ರೋಗಿಯನ್ನು ಹುಡುಕುವ ಸಂಯೋಜಕರು, ಜೊತೆಗೆ ತೆಗೆದುಕೊಳ್ಳುವ ಪ್ರತಿಯೊಂದು ಔಷಧಿಯ ಪಟ್ಟಿ. ಫಲಿತಾಂಶದ ಅಂಕಿಯಲ್ಲಿ ಇವರೆಲ್ಲರ ಕೆಲಸವೂ ಸೇರಿರುತ್ತದೆ. ಪ್ರಮಾಣವನ್ನು ಮಾತ್ರ ತಂದು ಇದನ್ನು ಅಲ್ಲೇ ಬಿಟ್ಟರೆ ಅದೇ ಫಲಿತಾಂಶ ಸಿಗಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಈ ಪ್ರಕರಣದಲ್ಲಿ ತಪ್ಪಿದ್ದು ಹೆಂಡತಿಯಲ್ಲ. ತಮಗೆ ತಿಳಿದಷ್ಟನ್ನು ಅವರು ಒಂದು ದಿನವೂ ಬಿಡದೆ ಮಾಡಿದರು. ಓದಲು ಬಾರದ ಭಾಷೆಯ ಚೀಟಿಯನ್ನು, ಮನೆಯಲ್ಲಿ ಇರದ ಮಗನ ಕೈಗೆ ಕೊಟ್ಟದ್ದು ತಪ್ಪು.

ಅಲ್ಲಿ ಈಗ ಮೆಥೊಟ್ರೆಕ್ಸೇಟನ್ನು ಉಳಿದ ಮಾತ್ರೆಗಳ ಜೊತೆ ಹಾಕುವುದಿಲ್ಲ. ಒಂದು ವಾರಕ್ಕೆ ಒಂದು ಕಾಗದದ ಕವರ್, ಅದರೊಳಗೆ ಆ ದಿನದ ಮಾತ್ರೆ ಅಷ್ಟೇ, ಮೇಲೆ ಕನ್ನಡದಲ್ಲಿ ‘ಸೋಮವಾರ’ ಮತ್ತು ತಾರೀಖು, ಪಕ್ಕದಲ್ಲಿ ಮಾತ್ರೆಯ ಎಣಿಕೆಗೆ ತಕ್ಕಷ್ಟು ಚುಕ್ಕೆ. ಚೀಟಿಯ ಮೇಲೆ ‘ಅಂಗಡಿಯಲ್ಲಿ ಮತ್ತೆ ಕೊಡಬೇಡಿ’ ಎಂಬ ಮೊಹರು. ಮಾತು ಹೇಳುವುದು ಮನೆಯಲ್ಲಿ ಮಾತ್ರೆ ಕೊಡುವವರಿಗೆ, ಅವರು ಬಂದಿಲ್ಲದಿದ್ದರೆ ಕರೆಸಿ. ಭೇದಿ ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಾದರೆ, ಅಥವಾ ಬಾಯಿಹುಣ್ಣಿನಿಂದ ಊಟ ನಿಂತರೆ, ಸೋಮವಾರದ ಕವರ್ ಒಡೆಯದೆ ಮೊದಲು ಫೋನ್ ಮಾಡಬೇಕು. ಇಂಜೆಕ್ಷನ್ನಿಗೆ ಇಬ್ಬರ ಜೋಡಿ ಬದಲು ಐದು ಜನರ ಗುಂಪು, 100 ಮಿ.ಗ್ರಾಂ. ವೈಯಲ್. ಐವರೂ ಬಂದು ರಕ್ತದ ರಿಪೋರ್ಟ್ ನೋಡುವ ತನಕ ಅದರ ಮುಚ್ಚಳ ತೆಗೆಯುವುದಿಲ್ಲ. ಒಬ್ಬರು ತಪ್ಪಿದರೆ ಕರೆಯಲು ಹತ್ತಿರದ ಊರಿನ ಇಬ್ಬರ ಹೆಸರು ಪಟ್ಟಿಯಲ್ಲಿರುತ್ತದೆ.

ನರ್ಸಿನ ಫೋನ್ ಈಗ ಪ್ರತಿ ಸೋಮವಾರ ಸಂಜೆ ಹೋಗುತ್ತದೆ. ‘ಮಾತ್ರೆ ಸರಿಯಾಗಿ ತಗೋತಿದ್ದಾರಾ?’ ಎಂಬ ಪ್ರಶ್ನೆಯನ್ನು ಕೈಬಿಟ್ಟಿದ್ದಾರೆ. ಮಾತ್ರೆ ಕೊಡುವವರನ್ನೇ ಕರೆಸಿ ಕೇಳುತ್ತಾರೆ: “ಇವತ್ತ ಯಾವ ಕವರ್ ಹರಿದ್ರಿ? ಒಳಗ ಎಷ್ಟು ಇದ್ದುವು? ಖಾಲಿ ಕವರ್ ಎಲ್ಲಿಟ್ಟೀರಿ?”